ಗುಬ್ಬಿ ಹಿಡಿಯುತ್ತಿದ್ದ ತುದಿ

ಭಾನುವಾರ, ಫೆಬ್ರವರಿ ೧೬

ಪ್ರೀತಿಯ ಉದ್ದಜಡೆಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ನಿನ್ನ ಮಗರಾಯ ಹೊಸ ಊರಿಗೆ ಹೊಂದಿಕೊಂಡನಾ, ಇಲ್ಲ ಇನ್ನೂ ಲಿಫ್ಟ್ ಕಂಡರೆ ಹೆದರಿ ನಿನ್ನನ್ನೂ ಮೆಟ್ಟಿಲು ಹತ್ತಿಸುತ್ತಾನಾ? ನಿನ್ನ ಎರಡೂ ಪತ್ರ ತಲುಪಿವೆ. ಇಷ್ಟು ತಿಂಗಳು ಉತ್ತರ ಬರೆಯದೆ ಕೂತಿದ್ದಾಳೆ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ನನ್ನದೇ ತಪ್ಪು. ಫೋನ್ ಮಾಡೋಣವೆಂದರೆ ಅರ್ಧ ನಂಬರು ಒತ್ತಿ ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ನಡುವೆ ಎದ್ದು ಹೋಗಿ, ಒಂದು ಲೋಟ ನೀರು ಕುಡಿದು, ಮುಖ ತೊಳೆದು ಬಂದು ಮುಂದುವರಿಸಬಹುದು.

ನನ್ನ ಮಗಳು, ಗುಬ್ಬಿ, ಹೋದದ್ದು ನಿನಗೆ ಗೊತ್ತು. ಹೇಗೆ ಹೋದಳೆಂದು ಯಾರಿಗೂ ನಾನು ಹೇಳಿಲ್ಲ. ಯಾರೂ ಕೇಳಲಿಲ್ಲ. ನಿನಗೆ ಹೇಳುತ್ತೇನೆ.

ಮೊದಲು ಬರೀ ನೆಗಡಿ. ಮನೆಯಲ್ಲೇ ಇರು ಅಂದರೆ ಕೇಳಲಿಲ್ಲ. ತಾನು ರಜಾ ಹಾಕಿದರೆ, ನಿನ್ನ ಮಗ, ನನ್ನ ಮಗಳಂಥವರೇ ದುಡಿಯುವ ನಮ್ಮ ಲಾಂಡ್ರಿ ನಿಂತುಹೋಗುತ್ತದೆ ಎಂಬುದು ಅವಳ ನಂಬಿಕೆ. ಒಂದು ವಾರದಲ್ಲಿ ಕಫ ಎದೆಗಿಳಿಯಿತು. ಹುಟ್ಟಿನಿಂದಲೇ ದುರ್ಬಲವಾಗಿದ್ದ ಹೃದಯ ಬೇರೆ. ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ನನ್ನ ಕಡೆ ತಿರುಗಿ, "ಇವರಿಗೆ ಎಲ್ಲಿ ನೋವು?" ಅಂದರು. ಗುಬ್ಬಿ ಅವರ ಕೋಟು ಹಿಡಿದು ಜಗ್ಗಿದಳು. "ನನ್ನನ್ನೇ ಕೇಳಿ."

ಅವರಿಗೆ ನಾಚಿಕೆಯಾಯಿತು ಅಂತ ಕಾಣುತ್ತದೆ. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ಹೇಳಮ್ಮ, ಏನಾಗ್ತಿದೆ?" ಅಂದರು.

"ಎದೆ ಒಳಗೆ ಹಿಂಡದೇ ಇರೋ ಬಟ್ಟೆ ಇದೆ," ಅಂದಳು.

ನಲವತ್ತೊಂದು ವರ್ಷ ಅವಳ ಮಾತನ್ನು ಬೇರೆಯವರಿಗೆ ಬಿಡಿಸಿ ಹೇಳುವುದೇ ನನ್ನ ಕೆಲಸವಾಗಿತ್ತು. ಅವತ್ತು ಬಿಡಿಸಿ ಹೇಳಲು ಏನೂ ಇರಲಿಲ್ಲ. ಆಸ್ಪತ್ರೆಯ ಮಂಚದ ಬೆಡ್‌ಶೀಟು ನಮ್ಮ ಲಾಂಡ್ರಿಯಲ್ಲೇ ಒಗೆದದ್ದು, ಮೂಲೆಯಲ್ಲಿ ನೀಲಿ ದಾರದ ಗುರುತಿತ್ತು. ಅದನ್ನು ಕಂಡದ್ದೇ ನರ್ಸನ್ನು ಕರೆದು, ಮಡಿಕೆ ಸರಿಯಿಲ್ಲ, ಇದು ನಾನು ಮಡಿಚಿದ್ದಲ್ಲ ಎಂದು ಜಗಳ ತೆಗೆದಳು. ಮಾರನೆಯ ಬೆಳಗ್ಗೆ ನಾನು ತಲೆ ಬಾಚುತ್ತಿದ್ದೆ. ಒಂದು ಪಕ್ಕದ ಜಡೆ ಮುಗಿದಿತ್ತು, ಇನ್ನೊಂದು ಪಕ್ಕ ತಿರುಗು ಅಂದೆ. ತಿರುಗಲಿಲ್ಲ.

ನಮ್ಮಣ್ಣ ಬಂದ. ನೆಂಟರೆಲ್ಲ ಬಂದರು. ಎಲ್ಲರೂ ಒಂದೇ ಶಾಲೆಯಲ್ಲಿ ಕಲಿತುಬಂದವರ ಹಾಗೆ ಒಂದೇ ಮಾತು ಆಡಿದರು. "ದೇವರು ಒಳ್ಳೇದೇ ಮಾಡಿದ ಬಿಡು," ಅಂದ ಅಣ್ಣ. "ಅವಳಿಗೂ ಬಿಡುಗಡೆ, ನಿನಗೂ ಬಿಡುಗಡೆ. ಇನ್ನಾದ್ರೂ ನಾಲ್ಕು ದಿನ ಎಲ್ಲಾದ್ರೂ ಸುತ್ತಾಡ್ಕೊಂಡು ಬಾ." ಅವನು ಒಳ್ಳೆಯವನೇ. ಅವಳು ಚಿಕ್ಕವಳಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿದವನು. ಆದರೆ ಆ ಮನೆಯಲ್ಲಿ ಕೂತಿದ್ದ ಅಷ್ಟು ಜನರಲ್ಲಿ, ಒಬ್ಬ ತಾಯಿಯ ಒಬ್ಬಳೇ ಮಗಳು ಸತ್ತಿದ್ದಾಳೆ ಎಂಬಂತೆ ನಡೆದುಕೊಂಡವರು ಒಬ್ಬರೂ ಇರಲಿಲ್ಲ. ಹೊರೆ ಇಳಿಸಿದವಳನ್ನು ನೋಡುವ ಹಾಗೆ ನೋಡುತ್ತಿದ್ದರು. ನಾನೂ ಕಾಫಿ ಕೊಟ್ಟೆ, ಹೂಂ ಹೂಂ ಅಂದೆ.

ಸಂಜೆಯ ಹೊತ್ತಿಗೆ ಲಾಂಡ್ರಿಯವರು ಬಂದರು. ಅಲ್ಲಿನ ಕೆಲಸ ನೋಡಿಕೊಳ್ಳುವ ಹುಡುಗಿ, ಅದೇ ನಮ್ಮ ಸೂಪರ್‌ವೈಸರು, ಎಲ್ಲರನ್ನೂ ವ್ಯಾನಿನಲ್ಲಿ ಕರೆತಂದಿದ್ದಳು. ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಟ್ಟು ಒಳಗೆ ಬಂದು ಗೋಡೆಗೆ ಒರಗಿ ಕೂತರು. ನಾವು ಸ್ಟೇಷನ್ ಮಾಸ್ಟರ್ ಅಂತ ಹೆಸರಿಟ್ಟಿದ್ದೆವಲ್ಲ, ಅವನು ನನ್ನ ಎದುರಿಗೇ ಕೂತ. ನೀನಿದ್ದಾಗ ಅವನು ಇಸ್ತ್ರಿ ಮೇಜಿನಲ್ಲಿದ್ದ. ಆಮೇಲೆ ಮಡಿಚುವ ಕೆಲಸಕ್ಕೆ ಬಂದು ಗುಬ್ಬಿಗೆ ಜೋಡಿಯಾದ. ಬರುವವರು ಹೋಗುವವರನ್ನೆಲ್ಲ ಕೂಗಿ ಹೇಳುವ ಚಾಳಿ ಮಾತ್ರ ಹಾಗೇ ಇದೆ.

"ಗುಬ್ಬಿ ಎಲ್ಲಿ?" ಅಂದ.

"ಸತ್ತುಹೋದಳಪ್ಪ."

"ನಾಳೆ ಬರ್ತಾಳಾ?"

"ಇಲ್ಲ."

"ಸೋಮವಾರ?"

"ಸೋಮವಾರಾನೂ ಇಲ್ಲ. ಇನ್ನು ಬರೋದೇ ಇಲ್ಲ."

ಅವನು ಬಾಯಿ ತೆರೆದು ಅತ್ತ. ಸಣ್ಣ ಮಕ್ಕಳ ಹಾಗೆ, ಮುಖ ಮುಚ್ಚಿಕೊಳ್ಳದೆ. ಅವನು ಅತ್ತದ್ದು ನೋಡಿ ಉಳಿದವರೂ ಅತ್ತರು. ಅಣ್ಣ ಎದ್ದು ಹೊರಗೆ ಹೋದ. ನನಗೆ ಆಗ ಅಳು ಬಂತು ಕಣೇ, ಆಸ್ಪತ್ರೆಯಲ್ಲೂ ಬಾರದಿದ್ದ ಅಳು. ಸ್ಟೇಷನ್ ಮಾಸ್ಟರ್ ತನ್ನ ಅಂಗಿಯ ತುದಿಯಿಂದ ನನ್ನ ಕಣ್ಣೊರೆಸಿ, ಅದೇ ಅಂಗಿಯಲ್ಲಿ ಮೂಗನ್ನೂ ಒರೆಸಿಕೊಂಡ.

ಅದಾದ ಮೇಲೆ ನಾನು ಮನೆಯಿಂದ ಹೊರಬೀಳಲೇ ಇಲ್ಲ. ಮಗಳಿಲ್ಲದವಳಿಗೆ ಲಾಂಡ್ರಿಯಲ್ಲಿ ಏನು ಕೆಲಸ ಅನ್ನಿಸುತ್ತಿತ್ತು. ಕೊನೆಗೆ ಸೂಪರ್‌ವೈಸರು ಫೋನ್ ಮಾಡಿದಳು. "ಅಮ್ಮ, ಒಂದ್ಸಲ ಬಂದುಹೋಗ್ತೀರಾ? ಸ್ಟೇಷನ್ ಮಾಸ್ಟರ್ ಯಾರ ಜೊತೆಗೂ ಮಡಿಚಲ್ಲ ಅಂತಾನೆ. ಬೆಡ್‌ಶೀಟಿನ ಎರಡು ಮೂಲೆ ಹಿಡ್ಕೊಂಡು ನಿಂತಿರ್ತಾನೆ. ಬೇರೆಯವರು ಆ ಕಡೆ ಹಿಡಿದ್ರೆ ಕಿತ್ಕೋತಾನೆ."

ಹೋದೆ. ಒಳಗೆ ಅದೇ ಹಬೆ, ಅದೇ ಸೋಪಿನ ವಾಸನೆ, ಎರಡನೇ ಮಷೀನಿನ ಅದೇ ಕೆಮ್ಮು. ಅವನು ಮೇಜಿನ ಪಕ್ಕ ಬೆಡ್‌ಶೀಟು ಹಿಡಿದು ನಿಂತಿದ್ದ, ಉಳಿದರ್ಧ ನೆಲದ ಮೇಲೆ ಬಿದ್ದಿತ್ತು. ನಾನು ಬಗ್ಗಿ ಎತ್ತಿಕೊಂಡೆ.

"ಅದು ಗುಬ್ಬಿ ತುದಿ," ಅಂದ.

"ಗೊತ್ತು."

"ನೀವು ಗುಬ್ಬಿ ಅಲ್ಲ."

"ಅಲ್ಲಪ್ಪ. ಅವಳ ಅಮ್ಮ."

ನಾನು ಮೂಲೆ ಸರಿಯಾಗಿ ಹಿಡಿದಿದ್ದೇನಾ ಎಂದು ಬಗ್ಗಿ ನೋಡಿದ. ಹಿಂದೆ ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. "ಎಳೀರಿ ಹಾಗಾದ್ರೆ," ಅಂದ. ಎಳೆದೆ. "ಅಷ್ಟು ಜೋರಲ್ಲ," ಎಂದು ಗದರಿದ. ಇಬ್ಬರೂ ಮೂಲೆಗೆ ಮೂಲೆ ಕೂಡಿಸಿ ಒಬ್ಬರ ಕಡೆಗೊಬ್ಬರು ನಡೆದೆವು. ನನ್ನ ಕೈಯಿಂದ ಬಟ್ಟೆ ತೆಗೆದುಕೊಳ್ಳುವಾಗ ಅವನ ಬೆರಳು ತಾಗಿತು. ದಿನಕ್ಕೆ ಎಷ್ಟು ಸಲ ಆ ಬೆರಳುಗಳು ನನ್ನ ಮಗಳ ಬೆರಳಿಗೆ ತಾಗಿದ್ದವೋ ಅನ್ನಿಸಿತು. ಅವನಿಗೆ ಅದೆಲ್ಲ ಇಲ್ಲ. "ಇನ್ನೊಂದು," ಅಂದ.

ಆವತ್ತಿನಿಂದ ದಿನಾ ಹೋಗುತ್ತಿದ್ದೇನೆ. ಕೆಲಸದಲ್ಲಿ ನಾನು ಗುಬ್ಬಿಯ ಅರ್ಧಕ್ಕೂ ಬರುವುದಿಲ್ಲವಂತೆ. ಊಟದ ಹೊತ್ತಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾನೆ.

ಹೊಸ ವರ್ಷದ ಹೊತ್ತಿಗೆ ಅವನ ತಾಯಿ, ನಾವೆಲ್ಲ ದೊಡ್ಡಮ್ಮ ಅನ್ನುತ್ತಿದ್ದವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಈ ವಯಸ್ಸಿನಲ್ಲಿ ಎದ್ದು ಓಡಾಡುವುದು ಅನುಮಾನ. ಅವರ ಕಿರಿಯ ಮಗ ಬಂದು, ತನ್ನ ಅಣ್ಣನನ್ನು ದೂರದ ಯಾವುದೋ ಹಾಸ್ಟೆಲಿಗೆ ಸೇರಿಸುವ ಮಾತಾಡಿದ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಅಪ್ಪ ಅಮ್ಮಂದಿರೆಲ್ಲ ಸೇರಿದೆವು. ಒಬ್ಬೊಬ್ಬರೂ ತಲೆ ತಗ್ಗಿಸಿ ಕೂತಿದ್ದರು. ಇವತ್ತು ಇವನಿಗೆ ಬಂದದ್ದು ನಾಳೆ ತಮ್ಮ ಮಕ್ಕಳಿಗೂ ಎಂದು ಎಲ್ಲರಿಗೂ ಗೊತ್ತು. ನಾನು, "ನಮ್ಮನೇಲಿ ಇರಲಿ," ಅಂದುಬಿಟ್ಟೆ. ದೊಡ್ಡತನ ಅಂದುಕೊಳ್ಳಬೇಡ. ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲದ ಮನೆಗೆ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ.

ಮೊದಮೊದಲು ಇಬ್ಬರಿಗೂ ಸಾಕುಸಾಕಾಯಿತು. ಗುಬ್ಬಿಯ ಮಂಚದಲ್ಲಿ ಮಲಗಲು ಒಪ್ಪಲಿಲ್ಲ, "ಬೈತಾಳೆ," ಅಂದ. ಪಕ್ಕದಲ್ಲಿ ನೆಲದ ಮೇಲೆ ಹಾಸಿಕೊಂಡ. ತಾಯಿ ಬೇಕೆಂದು ಗೋಡೆಗೆ ತಲೆ ಚಚ್ಚಿಕೊಂಡ ದಿನವೂ ಇತ್ತು. ನನ್ನೊಬ್ಬಳ ಕೈಯಲ್ಲಿ ಆಗುವ ಮಾತಲ್ಲ ಅದು. ಔಷಧಿ ಅಂಗಡಿಯವರು ಅವನ ಮಾತ್ರೆ ತಂದುಕೊಟ್ಟು, ಅವನು ನುಂಗುವವರೆಗೆ ನಿಂತು ಹೋಗುತ್ತಾರೆ. ಕ್ಷೌರದ ಅಂಗಡಿಯವನು ಮನೆಗೇ ಬಂದು ಗಡ್ಡ ಮಾಡುತ್ತಾನೆ, ಅಂಗಡಿಯ ಕನ್ನಡಿ ಕಂಡರೆ ಇವನಿಗೆ ಆಗದು. ಉಳಿದ ಮನೆಗಳವರು ಸರದಿಯ ಮೇಲೆ ಸಂಜೆ ಬಂದು ಕೂರುತ್ತಾರೆ, ಆಗ ನಾನು ದೊಡ್ಡಮ್ಮನನ್ನು ನೋಡಲು ಹೋಗುತ್ತೇನೆ. ಮೊನ್ನೆ ಅವರು ನನ್ನ ಕೈ ಹಿಡಿದು, "ನಾನಿನ್ನು ಕಣ್ಮುಚ್ಚಬಹುದೇನೇ?" ಅಂದರು. "ಈಗಲೇ ಬೇಡ," ಅಂದೆ. "ನಿಮ್ಮ ಮಗ ಮೂಲಂಗಿ ಮುಟ್ಟಲ್ಲ ಅಂತ ಹಟ ಹಿಡಿದಿದ್ದಾನೆ, ಮೊದಲು ಬುದ್ಧಿ ಹೇಳಿ." ನಕ್ಕರು. ಸೊಂಟ ಎಳೆದು ನೋವಾಗಿ, ನನ್ನನ್ನೇ ಬೈದರು.

ಮನೆಯ ಹಿಂದಿನ ಕೋಣೆಗೂ ಸುಣ್ಣ ಹೊಡೆಸುತ್ತಿದ್ದೇವೆ. ನಾನಿಲ್ಲದ ಕಾಲಕ್ಕೂ ಈ ಮನೆ ಲಾಂಡ್ರಿಯ ಮಕ್ಕಳಿಗೆ ಇರಬೇಕೆಂದು ವಕೀಲರ ಹತ್ತಿರ ಮಾತಾಡಿದ್ದೇನೆ. ನಮ್ಮಣ್ಣನಿಗೆ ಬೇಸರವಾಗಿದೆ, ಆಗಲಿ.

ಮಂಡಿಗೆ ಎಣ್ಣೆ ಹಚ್ಚಿಕೋ, ಬಿಸಿಲಲ್ಲಿ ಸ್ವಲ್ಪ ಕೂರು. ಮಗರಾಯನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು, ಒರೆಸಿಕೊಂಡರೂ ಪರವಾಗಿಲ್ಲ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ,
ಗಡಿಬಿಡಿ

ತಾ.ಕ.: ಕವರು ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಅವಳು ಹೋದ ಬೆಳಗ್ಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಾನು ಮೊದಲು ಫೋನ್ ಮಾಡಿದ್ದು ನಿನಗೆ. ಅಣ್ಣನಿಗೂ ಆಮೇಲೆ. ನೀನು ಕೇಳಿದವಳೇ, "ನೀನು ಗೆದ್ದೆ ಕಣೇ. ನನ್ನದು ಯಾವಾಗಲೋ," ಅಂದೆ. ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ, ಗೊತ್ತು. ಲಾಂಡ್ರಿಯ ಬಾಗಿಲಲ್ಲಿ ಕಾಯುತ್ತಾ ನಾವು ತಾಯಂದಿರೆಲ್ಲ ದೇವರಲ್ಲಿ ಬೇಡಿಕೊಂಡದ್ದು ಅದನ್ನೇ ತಾನೇ, ಮಗು ಮೊದಲು, ಅದರ ಹಿಂದೆ ನಾವು. ಫೋನು ನಿನ್ನ ಕಡೆಯಿಂದ ಬಂದಿದ್ದರೆ ನನ್ನ ಬಾಯಲ್ಲೂ ಅದೇ ಬರುತ್ತಿತ್ತೇನೋ. ಅಣ್ಣ ಬಿಡುಗಡೆ ಅಂದಾಗ ಸಿಟ್ಟು ಬಂತು, ಅಷ್ಟೇ. ನೀನು ಅಂದಾಗ ನನಗೆ ಯಾರೂ ಇಲ್ಲವಾದರು. ನಿನಗೆ ಬರೆಯಲಾಗದೆ ಕೂತದ್ದು ಅದಕ್ಕೆ.

ಗೆದ್ದವಳು ಈಗಲೂ ರಸ್ತೆ ದಾಟುವಾಗ ಎಡಗೈ ಚಾಚುತ್ತಾಳೆ.

ಇನ್ನು ಅದನ್ನು ಬೇಡಿಕೊಳ್ಳಬೇಡ. ಹಿಂದಿನ ಕೋಣೆ ನಿನ್ನ ಮಗನಿಗೆ ಅಂತಲೇ ಇಟ್ಟಿದ್ದೇನೆ, ಮಂಚ ಕಿಟಕಿಯ ಪಕ್ಕ ಹಾಕಿಸಿದ್ದೇನೆ. ಅವನು ನಿನಗಿಂತ ಹೆಚ್ಚು ದಿನ ಬದುಕಲಿ. ಹೀಗೆ ಹರಸಿದಳು ಎಂದು ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ.