ಅಮ್ಮನ ಕುರ್ಚಿಯ ಕಾಲು

ಅಮ್ಮನ ಕೋಣೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಈ ಮೂಲಕ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಪಕ್ಕದ ಮನೆಯಿಂದ ಎರವಲು ತಂದ ಗರಗಸದಿಂದ ನಾನು ಅಮ್ಮನ ಕುರ್ಚಿಯ ನಾಲ್ಕೂ ಕಾಲು ಕತ್ತರಿಸಿದ್ದೇನೆ. ಪೂರ್ತಿ ಅಲ್ಲ ಮಹಾರಾಯ್ತಿ, ಎದೆ ಹಿಡಿದುಕೊಳ್ಳಬೇಡ. ಕಾಲಿಗೆ ಕಾಲಡಿಯಂತೆ; ಲೆಕ್ಕಕ್ಕೂ ಸರಿ, ಪ್ರಾಸಕ್ಕೂ ಸರಿ. ಅಮ್ಮ ಹೋದ ಮೇಲೆ ನೀನು ಊರಿಗೆ ಹೊರಟಾಗ, 'ನಾನು ಬರೋವರೆಗೂ ಆ ರೂಮಲ್ಲಿ ಒಂದು ಕಡ್ಡಿ ಅಲ್ಲಾಡಬಾರದು' ಎಂದು ಬಾಗಿಲಲ್ಲಿ ನಿಂತು ಆಜ್ಞೆ ಹೊರಡಿಸಿದ್ದು ನೆನಪಿದೆ. ಕಡ್ಡಿ ಅಲ್ಲಾಡಿಲ್ಲ, ಕಾಲು ಮಾತ್ರ ಹೋಗಿದೆ. ಶಿಕ್ಷೆ ವಿಧಿಸುವ ಮುನ್ನ ಆರೋಪಿಯ ವಾದವನ್ನೂ ಕೇಳು.

ಅದಕ್ಕೂ ಮೊದಲು, ನೀನು ಹೇಗಿದ್ದೀಯ? ಮೊಣಕೈ ನೋವು ಕಡಿಮೆಯಾಯಿತೇ? ಹಾಸ್ಟೆಲ್ಲಿನ ಹುಡುಗಿಯರೆಲ್ಲ ಗೊರಕೆ ಹೊಡೆಯುವಾಗ ವಾರ್ಡನ್ ಒಬ್ಬಳೇ ಎಚ್ಚರವಾಗಿರುತ್ತಾಳೆಂದು ಕೇಳಿದೆ. ನಿದ್ದೆ ಮಾಡೇ ಅಕ್ಕ. ಓಡಿಹೋಗುವವರು ಹಗಲಲ್ಲೂ ಓಡಿಹೋಗುತ್ತಾರೆ.

ನಿನ್ನ ಸೋದರಳಿಯ ಇಲಿಮರಿ ಇನ್ನೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಇದ್ದಾನೆ. ನಮ್ಮ ವಂಶದಲ್ಲಿ ಹೇಳಿದ ಹೊತ್ತಿಗಿಂತ ಮೊದಲೇ ಬಂದವನು ಇವನೊಬ್ಬನೇ. ಅದಕ್ಕೇ ದಂಡ ಕಟ್ಟುತ್ತಿದ್ದಾನೆ. ಮೂಗಿನಲ್ಲಿ ದಾರದಷ್ಟು ಸಣ್ಣ ಕೊಳವೆ. ಅಳಲು ಬಾಯಿ ತೆರೆಯುತ್ತಾನೆ, ದನಿ ಬರುವುದಿಲ್ಲ. ಅದನ್ನು ನೋಡಿದ ದಿನ ಊಟ ಸೇರುವುದಿಲ್ಲ. ಅವನಿಗೆ ಈಗ ಮದ್ದೆಂದರೂ ಅನ್ನವೆಂದರೂ ತಾಯಿಯ ಹಾಲೊಂದೇ, ಕೊಳವೆಯಲ್ಲಿ ಹೋಗುವುದು ಅದೊಂದೇ ಎಂದು ಡಾಕ್ಟರು ಹೇಳಿದ್ದಾರೆ. ಅವನಿಗೆ ಇನ್ನೂ ಚೀಪಲು ಬಾರದು, ಹಾಗಾಗಿ ಪಂಪಿನಿಂದ ತೆಗೆದು, ಬಾಟಲಿಯಲ್ಲಿ ಹಿಡಿದು, ನಾನು ಕೊಂಡೊಯ್ಯಬೇಕು. ಒಯ್ಯಲು ನಾನು ಸಿದ್ಧ, ಬಾಟಲಿ ಸಿದ್ಧ, ಪಂಪೂ ಸಿದ್ಧ. ಹಾಲು ಮಾತ್ರ ಬರುತ್ತಿರಲಿಲ್ಲ.

ದಪ್ಪ ಕನ್ನಡಕದ ನರ್ಸಮ್ಮ ಇವಳನ್ನು ಕೂರಿಸಿಕೊಂಡು ಪಾಠ ಹೇಳಿದರು. 'ಮೈ ಬಿಗಿಯಾದ್ರೆ ಹಾಲೂ ಬಿಗೀತದೆ ಕಣಮ್ಮ. ಬೆನ್ನಿಗೆ ಆಸರೆ ಇರ್ಲಿ, ಎರಡೂ ಪಾದ ನೆಲದ ಮೇಲಿರ್ಲಿ, ಭುಜ ಕಿವಿ ಹತ್ರ ಹೋಗ್ಬಾರ್ದು. ಪಂಪನ್ನ ಎದೆ ಹತ್ರ ತಗೊಂಡ್ ಬಾ, ನೀನು ಪಂಪಿನ ಮೇಲೆ ಗೂನಾಗ್ಬೇಡ. ಮಗು ಅತ್ತಿದ್ದು ಕಿವಿಗೆ ಬಿದ್ರೆ ಹಾಲು ತಾನಾಗೇ ಇಳಿಯುತ್ತೆ. ನಿಂಗೆ ಸದ್ಯಕ್ಕೆ ಆ ಭಾಗ್ಯ ಇಲ್ಲ. ಕೂರೋದನ್ನಾದ್ರೂ ನೆಟ್ಟಗೆ ಕೂತ್ಕೋ.' ಇಷ್ಟು ವರ್ಷ ಕಾಲೇಜು ಹುಡುಗರಿಗೆ ಗುರುತ್ವಕೇಂದ್ರದ ಪಾಠ ಮಾಡಿ ಮಲಗಿಸಿದವನು ನಾನು. ಹೆಂಡತಿಯನ್ನು ಕೂರಿಸಲಾರೆನೇ?

ಸೋಫಾದಲ್ಲಿ ಕೂರಿಸಿದೆ. ಸೊಂಟ ಒಳಗೆ ಹೋಯಿತು, ಮಂಡಿ ಗಲ್ಲಕ್ಕೆ ಬಂತು. ಪ್ಲಾಸ್ಟಿಕ್ ಕುರ್ಚಿಗೆ ಬೆನ್ನೇ ಇಲ್ಲ. ನಮ್ಮ ಹಾಸಿಗೆಯಲ್ಲಿ ದಿಂಬು ಒಟ್ಟಿ ಒರಗಿಸಿದರೆ ಜಾರುಬಂಡೆಯಲ್ಲಿ ಜಾರಿದಂತೆ ಜಾರಿದಳು. ಸಾಲದ್ದಕ್ಕೆ ಹೊರಗೆ ಟ್ಯೂಷನ್ ಹುಡುಗರ ದಂಡು; ಹಾಲ್‌ನಲ್ಲಿ ಹಾಲಿಗೆ ಜಾಗವಿಲ್ಲ. ಕಡೆಗೆ ಉಳಿದದ್ದು ಈ ಕೋಣೆ, ಅಮ್ಮನ ಕುರ್ಚಿ. ನೆಟ್ಟನೆಯ ಬೆನ್ನು, ಅಗಲವಾದ ಕೈ. ಒಂದೇ ದೋಷ, ಎತ್ತರ. 'ಕೂರೋಕಲ್ಲಪ್ಪ, ಏಳೋಕೆ ಮಾಡಿಸ್ತಿದೀನಿ' ಎಂದು ಮಂಡಿನೋವಿನ ಅಮ್ಮ ಬಡಗಿಗೆ ಹೇಳಿ ಮಾಡಿಸಿದ್ದಲ್ಲವೇ? ಅದರಲ್ಲಿ ಕೂತರೆ ಇವಳ ಕಾಲು ಶಾಲೆಯ ಹುಡುಗಿಯ ಕಾಲಿನಂತೆ ತೂಗಾಡುತ್ತಿತ್ತು.

ಇನ್ನೊಂದು ದೋಷವೂ ಇತ್ತು. ಅದನ್ನು ಗರಗಸದಿಂದ ಕತ್ತರಿಸಲಾಗುವುದಿಲ್ಲ.

ಮೊದಲ ದಿನ ಇವಳು ಪಂಪಿನ ಸ್ವಿಚ್ ಒತ್ತಿದಾಗ ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ಎಳೆಯುವುದು, ಒಂದು ಚಣ ತಡೆಯುವುದು, ಬಿಡುವುದು. ಮತ್ತೆ ಎಳೆಯುವುದು. ನಲ್ಲಿ ನಿಲ್ಲಿಸಿ ಹಾಗೇ ನಿಂತೆ. ನೀನಿದ್ದಿದ್ದರೆ ನೀನೂ ನಿಲ್ಲುತ್ತಿದ್ದೆ. ತಿಂಗಳುಗಟ್ಟಲೆ ಅಮ್ಮನಿಗಾಗಿ ಉಸಿರಾಡಿದ ಆ ಆಮ್ಲಜನಕದ ಯಂತ್ರದ ಸದ್ದು ಅದು. ಅದೇ ಗೋಡೆ, ಅದೇ ಸ್ವಿಚ್. ಡಾಕ್ಟರು ಕೈ ಹಿಡಿದು ನೋಡಿ ತಲೆಯಾಡಿಸಿದ ಮೇಲೂ ಯಂತ್ರ ಒಂದೇ ಸಮನೆ ಉಸಿರಾಡುತ್ತಿತ್ತಲ್ಲ, ಅದನ್ನು ಆರಿಸಲು ನಿನ್ನ ಕೈ ಏಳಲಿಲ್ಲ, ನನ್ನ ಕೈಯೂ ಏಳಲಿಲ್ಲ. ಆರಿಸಿದ್ದು ಇವಳು, ಆಗಿನ್ನೂ ಬಸುರಿ. ಈಗ ದಿನಕ್ಕೆ ಎಷ್ಟೋ ಸಲ ಅದೇ ಬೆರಳಿನಿಂದ ಅದೇ ಸ್ವಿಚ್ ಒತ್ತಬೇಕು, ಮತ್ತೆ ಆರಿಸಬೇಕು.

ಇಷ್ಟಾದ ಮೇಲೆ ಮೈ ಸುಮ್ಮನಿರುತ್ತದೆಯೇ? ಇವಳನ್ನು ನೆಟ್ಟಗೆ ಕೂರಿಸಿ ಹೊರಗೆ ಹೋಗುತ್ತಿದ್ದೆ. ಬಂದು ನೋಡಿದರೆ ಸೊಂಟ ಇತ್ತ, ಕುತ್ತಿಗೆ ಅತ್ತ, ಒದ್ದೆ ಬಟ್ಟೆ ಹಿಂಡಿದ ಹಾಗೆ. ದಿಂಬು ಕೊಟ್ಟೆ, ದಿಂಬು ನೆಲದಲ್ಲಿ. ಕುರ್ಚಿ ತಿರುಗಿಸಿದೆ, ಇವಳೂ ತಿರುಗಿದಳು. ಆಮೇಲೆ ಹೊಳೆಯಿತು: ಅಮ್ಮನ ಮಂಚದ ಕಡೆಗೆ ಬೆನ್ನು ಹಾಕಲೂ ಭಯ, ಮುಖ ಕೊಡಲೂ ಭಯ. ಹಾಸಿಗೆಯಲ್ಲಿ ಅಮ್ಮ ಮಲಗಿದ್ದ ತಗ್ಗು ಹಾಗೇ ಇದೆಯಲ್ಲ. 'ರೀ, ಅಲ್ಲಿಂದ ಯಾರೋ ನೋಡ್ತಿದಾರೆ ಅನ್ಸುತ್ತೆ' ಎಂದಳು. ಯಾರೋ, ಎಂದಳು. ಯಾರು ಎಂದು ನಾನೂ ಕೇಳಲಿಲ್ಲ. ಬಾಟಲಿಯ ತಳ ಒದ್ದೆಯಾದರೆ ಆ ದಿನದ ಪುಣ್ಯ.

ಇಂಥ ಹೊತ್ತಿನಲ್ಲಿ ನಿನ್ನ ತಮ್ಮ ಗರಗಸ ಎತ್ತಿದ. ಕಾಲಡಿ ಕಡಿಮೆಯಾದದ್ದೇ ತಡ, ಪಾದ ನೆಲಕ್ಕೂರುವಂತಾಯಿತು. ಸೊಂಟಕ್ಕೆ ಸುತ್ತಿದ ಟವಲು, ಮೊಣಕೈ ಕೆಳಗೆ ದಿಂಬು, ಮೈ ತುಸುವೇ ಮುಂದಕ್ಕೆ. ಮೊನ್ನೆ ಬುಧವಾರ ಬಾಟಲಿ ತುಂಬಿತು ಕಣೇ! ಅಂಗಿಯೊಳಗೆ ಅವುಚಿಕೊಂಡು ಆಸ್ಪತ್ರೆಗೆ ಒಯ್ದೆ. ನರ್ಸಮ್ಮ ಬೆಳಕಿಗೆ ಹಿಡಿದು ನೋಡಿ, 'ಯಜಮಾನ್ರೇ, ಏನ್ ಮಾಡಿದ್ರಿ?' ಎಂದರು. 'ಭೌತಶಾಸ್ತ್ರ' ಎಂದೆ. ಭೂತಕ್ಕೂ ಭೌತಶಾಸ್ತ್ರಕ್ಕೂ ಕಾಳಗ ನಡೆದರೆ ಗೆಲ್ಲುವುದು ಯಾವುದೆಂದು ಈಗಲಾದರೂ ಒಪ್ಪಿಕೋ. ಅಮ್ಮ ಹೋದ ದಿನ ಒಂದು ಹನಿಯೂ ಕಣ್ಣಿಗೆ ಬರಲಿಲ್ಲವೆಂದು 'ಬಂಡೆ ಕಣೋ ನೀನು' ಎಂದೆಯಲ್ಲ? ಮನೆಗೊಬ್ಬ ಬಂಡೆ ಬೇಕು ಅಕ್ಕ. ಈ ಮನೆಯಲ್ಲಿ ಎದೆಗಾರಿಕೆ ಇರುವುದು ನನಗೊಬ್ಬನಿಗೇ ಎಂದು ಬರೆಯುತ್ತಿದ್ದೆ, ಇವಳು ಹಿಂದಿನಿಂದ ಇಣುಕಿ, 'ಆ ಪದ ಈಗ ನನ್ನ ಪಾಲಿಗೆ ಬಿಡಿ' ಎಂದು ನಕ್ಕಳು.

ಇಲಿಮರಿಯನ್ನು ಅಲ್ಲಿಂದಲೇ ಹರಸು. ಭಾವನಿಗೆ ನನ್ನ ನಮಸ್ಕಾರ ಹೇಳು, ಅವರ ಕೆಮ್ಮಿಗೂ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ,
ಬಂಡೆ

ತಾ.ಕ.: ಇವಳು ಈಗ ಪೂರ್ತಿ ಓದಿ, 'ಅಕ್ಕನಿಗೆ ಸುಳ್ಳು ಬರೀಬೇಡಿ, ನಿಜ ಬರೆದ್ರೇನೇ ಅಂಚೆಗೆ ಹಾಕೋದು' ಎಂದು ಲಕೋಟೆ ಕಿತ್ತುಕೊಂಡಿದ್ದಾಳೆ. ಬೇಗ ಬೇಗ ಹೇಳಿ ಮುಗಿಸುತ್ತೇನೆ. ಕಾಲು ಕತ್ತರಿಸಿದ ಮೇಲೆ ಕುರ್ಚಿ ಅಲುಗುತ್ತದೆಯೇ ಎಂದು ನೋಡಲು ಮೊದಲು ನಾನೇ ಕೂತೆ. ವೈರು ಅಲ್ಲಿಯವರೆಗೆ ಬರುತ್ತದೆಯೇ ನೋಡೆಂದು ಇವಳಿಗೆ ಪಂಪು ಹಾಕಲು ಹೇಳಿದೆ. ಎದುರಿಗೆ ಮಂಚ, ಆ ತಗ್ಗು, ಪಕ್ಕದಲ್ಲಿ ಆ ಉಸಿರು. ವೈರು ಬಂತೆಂದು ಇವಳು ಸ್ವಿಚ್ ಆರಿಸಿದಳು, ಉಸಿರು ಎಳೆದದ್ದು ಎಳೆದಲ್ಲೇ ನಿಂತಿತು. ಅಷ್ಟೇ. ಆಮೇಲೆ ಕೇಳಿದ ಸದ್ದು ನನ್ನದೇ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. 'ಅಮ್ಮಾ' ಎಂದು ಕರು ಕೂಗಿದ ಹಾಗೆ ಕೂಗಿದೆನಂತೆ. ಹೊರಗೆ ಟ್ಯೂಷನ್ ಹುಡುಗರು ಪುಸ್ತಕ ಮುಚ್ಚಿ ಮನೆಗೆ ಹೋದರಂತೆ. ಇವಳು ಓಡಿಬಂದು, ಯಾರ ಮಂಚವೆಂದೂ ನೋಡದೆ ಅಮ್ಮನ ತಗ್ಗಿನಲ್ಲೇ ಕೂತು ನನ್ನ ತಲೆಯನ್ನು ಎಳೆದುಕೊಂಡಳು. 'ಅಳಬೇಡಿ, ಅಳಬೇಡಿ' ಎಂದವಳು ಥಟ್ಟನೆ ತನ್ನ ರವಿಕೆ ನೋಡಿಕೊಂಡು, 'ಅಯ್ಯೋ, ನಿಲ್ಲಿಸ್ಬೇಡಿ ರೀ, ಅಳಿ, ಅಳ್ತಾನೇ ಇರಿ, ಆ ಬಾಟ್ಲು ಕೊಡಿ!' ಎಂದಳು.

ಬಾಟಲಿ ತುಂಬಿದ್ದು ಹಾಗೆ. ಮಂಚದ ಎತ್ತರ ಇವಳ ಕಾಲಿಗೆ ಹೇಳಿ ಮಾಡಿಸಿದಂತಿದೆ, ಬೆನ್ನಿಗೆ ಗೋಡೆಯಿದೆ. ಕುರ್ಚಿಯನ್ನು ಸುಮ್ಮನೆ ಕುಂಟು ಮಾಡಿದೆ. ಈಗ ಅಲ್ಲಿ ನೆಟ್ಟಗೆ ಕೂತು, 'ಅತ್ತೆ ಮಡಿಲಲ್ಲಿ ಕೂತ ಹಾಗಿದೆ' ಎನ್ನುತ್ತಾಳೆ. ಕಾಲು ಮೋಟಾದ ಕುರ್ಚಿಯಲ್ಲಿ ನಾನು. ಹಾಲು ತಡವಾದರೆ 'ರೀ, ಸ್ವಲ್ಪ ಶುರು ಮಾಡ್ತೀರಾ?' ಎಂದು ಕೇಳುತ್ತಾಳೆ. ಕಷ್ಟಪಡಬೇಕಾಗಿಲ್ಲ ಅಕ್ಕ, ತಾನಾಗೇ ಬರುತ್ತದೆ.

ಬೆಳಗ್ಗೆ ಪಕ್ಕದ ಮನೆಯಾಕೆ ಗರಗಸ ವಾಪಸು ಕೇಳಲು ಬಂದರು. ತಂತಿಯುದ್ದಕ್ಕೂ ಒಣಗುತ್ತಿದ್ದ ಪುಟ್ಟ ಪುಟ್ಟ ಚೌಕದ ಬಟ್ಟೆಗಳನ್ನು ನೋಡಿ, 'ಮಗು ಮನೆಗೆ ಬಂತಾ?' ಎಂದು ಕೇಳಿದರು. ಅವು ನನ್ನ ಕರವಸ್ತ್ರಗಳು.