ತೋಪನ್ನು ಕುರುಚಲು ಎಂದು ಬರೆದವನು ನಾನೇ

ಉದ್ಯಾನ ಅಭಿವೃದ್ಧಿಯ ಹೊಣೆ ಹೊತ್ತ ಮಾನ್ಯರೇ,

ಮಲ್ಲತ್ತಹಳ್ಳಿಯ ಉತ್ತರದ ತೋಪನ್ನೂ ಕಡಿದು ಉದ್ಯಾನ ಮಾಡುವುದಾಗಿ ನೀವು ಹೊರಡಿಸಿದ ಪ್ರಕಟಣೆ ಓದಿದೆ. ಅದಕ್ಕೆ ಆಧಾರವಾಗಿ ಲಗತ್ತಿಸಿರುವ, ಅಲ್ಲಿನ ಎರಡೂ ತೋಪುಗಳ ಒಂಬತ್ತು ವರ್ಷ ಹಳೆಯ ಸರ್ವೆ ವರದಿ ನನ್ನದು. ‘ನಿರುಪಯುಕ್ತ ಕುರುಚಲು, ಬೆಲೆಬಾಳುವ ಮರಗಳಿಲ್ಲ’ ಎಂಬ ಸಾಲೂ ನನ್ನದೇ. ಅದು ತಪ್ಪು. ತಪ್ಪೆಂದು ನನಗೆ ಗೊತ್ತಾಗಿ ಏಳು ವರ್ಷವಾಯಿತು.

ಆ ವರದಿಯ ಮೇಲೆ ಆಗ ಕಡಿಸಿದ್ದು ದಕ್ಷಿಣದ ತೋಪು. ಹೊಂಗೆ, ಅತ್ತಿ, ಬಸರಿ, ನೇರಳೆ, ಅಂಚಿನಲ್ಲೊಂದು ತೆರೆದ ಬಾವಿ. ಗದಗದ ಕಡೆಯಿಂದ ಬಂದ ಶಂಕ್ರವ್ವ ಆ ಬಾವಿಯ ನೀರಿನಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಬೆಳೆದು ಮಾರೇನಹಳ್ಳಿಗೆ ಹೊತ್ತು ಮಾರುತ್ತಿದ್ದರು. ನಾನು ಅಳತೆ ಮಾಡಿಸುತ್ತಿದ್ದಾಗ ಬುಟ್ಟಿ ಇಳಿಸಿ ಕೇಳಿದರು:

“ಸಾಹೇಬ್ರ, ಗಿಡಾ ಎಲ್ಲಾ ಕಡೀತೀರೇನ್ರಿ? ಕಡದ್ರ ಬಾವ್ಯಾಗ ನೀರು ನಿಲ್ಲಂಗಿಲ್ರಿ.”

“ಮರಕ್ಕೂ ಬಾವಿಗೂ ಏನಮ್ಮ ಸಂಬಂಧ? ನೀರು ಬರೋದು ನೆಲದೊಳಗಿಂದ,” ಎಂದೆ.

“ನೆಲದಾಗ ಅದು ಹೋಗೂದು ಹ್ಯಾಂಗ್ರಿ ಮತ್ತ?”

ನಾನು ಅಳತೆ ಮುಗಿಸಿದೆ. ಅತ್ತಿಮರದ ನೆರಳಿನಲ್ಲಿ ಕುಳಿತು ಆ ಸಾಲು ಬರೆದೆ.

ಉದ್ಯಾನವೇನೋ ಆಯಿತು. ಸಿಮೆಂಟ್ ಹಾಸು, ಸಾಲಾಗಿ ಪಾಮ್ ಗಿಡ, ಹುಲ್ಲಿಗೆ ವಾರಕ್ಕೆರಡು ಟ್ಯಾಂಕರ್. ತಾನೇ ನೀರು ಹಿಡಿದಿಡುತ್ತಿದ್ದ ನೆಲಕ್ಕೆ ಹೊರಗಿನಿಂದ ನೀರು ತರುವುದನ್ನು ಅಭಿವೃದ್ಧಿ ಎನ್ನುವ ಧೈರ್ಯ ನಮ್ಮ ಕಚೇರಿಗಳಿಗಲ್ಲದೆ ಇನ್ಯಾರಿಗಿದೆ? ತರಗೆಲೆಗಳ ನಡುವೆ ಇಂಗುತ್ತಿದ್ದ ಮಳೆ ಈಗ ಅರ್ಧ ಗಂಟೆಯಲ್ಲಿ ರಾಜಕಾಲುವೆ ಸೇರುತ್ತದೆ. ಬೆಳಗಿನ ಇಬ್ಬನಿ ಕಡಿಮೆಯಾಯಿತು, ಮಧ್ಯಾಹ್ನದ ತಂಪುಗಾಳಿ ನಿಂತಿತು. ಒಂದು ತೋಪಿನಿಂದ ಊರಿನ ಹವೆ ಕೆಡುತ್ತದೆಯೇ ಎಂದು ನೀವು ನಗಬಹುದು. ಇಂಥ ವರದಿಗಳು ನಾನೊಬ್ಬನೇ ಬರೆದದ್ದು ಹದಿನಾಲ್ಕು, ಮಾನ್ಯರೇ.

ಎರಡನೇ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಆ ದಾರಿಯಲ್ಲಿ ನಡೆದು ಹೋಗುತ್ತಿದ್ದೆ. ಶಂಕ್ರವ್ವ ಬಾವಿಯಿಂದ ಬರೀ ಕೆಸರು ಮೇಲೆತ್ತುತ್ತಿದ್ದರು. ನನ್ನನ್ನು ಗುರುತು ಹಿಡಿದು ಹಗ್ಗ ಬಿಟ್ಟು ನಿಂತರು. ನಾನು ಗುರುತಿಲ್ಲದವನಂತೆ ತಲೆ ತಗ್ಗಿಸಿ ದಾಟಿಬಿಟ್ಟೆ. ನಿದ್ದೆ ಕೆಡಿಸುವುದು ವರದಿಗಿಂತ ಹೆಚ್ಚಾಗಿ ಅದು.

ಕಳೆದ ವಾರ ಸುಂಕದಕಟ್ಟೆಯಲ್ಲಿ ಅವರನ್ನು ಹುಡುಕಿದೆ. ಅಪಾರ್ಟ್‌ಮೆಂಟ್ ಒಂದರಲ್ಲಿ ಮೆಟ್ಟಿಲು ಒರೆಸುತ್ತಾರೆ.

“ಅಮ್ಮ, ತಪ್ಪು ಮಾಡ್ಬಿಟ್ಟೆ. ಉತ್ತರದ ತೋಪನ್ನೂ ಕಡೀತಾರಂತೆ, ಸೋಮವಾರ ಅಹವಾಲು ಸಭೆ ಇದೆ. ನೀವು ಬಂದು ಹೇಳಿದ್ರೆ ನಂಬ್ತಾರೆ.”

ಅವರು ಬಟ್ಟೆ ಹಿಂಡಿದರು. “ನಾ ಆವಾಗ ಹೇಳೀನ್ರಿ. ಈಗ ನೀವ ಹೇಳ್ರಿ.”

ಹೇಳುತ್ತಿದ್ದೇನೆ. ನನ್ನ ವರದಿಯನ್ನು ರದ್ದುಮಾಡಿ. ಉತ್ತರದ ತೋಪನ್ನು ಮುಟ್ಟಬೇಡಿ. ದಕ್ಷಿಣದ ಸಿಮೆಂಟ್ ಕಿತ್ತು ಹೊಂಗೆ, ಅತ್ತಿ ನೆಡಿ. ಸೋಮವಾರ ಇದನ್ನೇ ಸಭೆಯಲ್ಲಿ ಓದುತ್ತೇನೆ. ತಪ್ಪು ವರದಿ ಕೊಟ್ಟವನ ಮೇಲೆ ಕ್ರಮ ಜರುಗಿಸುವುದಿದ್ದರೆ ಅಲ್ಲೇ ಜರುಗಿಸಿ.

ಇಂತಿ,
ಬಹಳ ತಡವಾಗಿ ಬಾಯಿಬಿಟ್ಟ
ಸೇತುರಾಮ
ನಿವೃತ್ತ ಸರ್ವೇಯರ್, ಬಸವೇಶ್ವರನಗರ