ಜೀವಂತ ಕಲಿಕೋಪಕರಣ

ಆತಗೂರು ಹೋಬಳಿಯಿಂದ
ಗುರುವಾರ, ಮಧ್ಯಾಹ್ನ

ಮಳವಳ್ಳಿಯ ವಿಜ್ಞಾನ ಮೇಡಂ, ನನ್ನ ಬಿ.ಎಡ್. ಗೆಳತಿ ನಯನಾಳ ಸನ್ನಿಧಾನಕ್ಕೆ ಸಕಲ ಗೌರವಗಳೊಂದಿಗೆ ಒಂದು ಗುದ್ದು.

ನಿಮ್ಮ ಶಾಲೆಯ ಪ್ರದರ್ಶನಕ್ಕೆ ಏನಾದರೂ ಕಳಿಸು ಅಂದಿದ್ದೆಯಲ್ಲ, ಜೊತೆಗೊಂದು ಪೊಟ್ಟಣವಿದೆ. ಬಿಚ್ಚುವ ಮುನ್ನ ಇದನ್ನು ಓದು.

ನಮ್ಮ ಪ್ರಯೋಗಾಲಯದ ವೈಭವ ನಿನಗೆ ಗೊತ್ತು: ಮಸೂರ ಒಡೆದ ಸೂಕ್ಷ್ಮದರ್ಶಕ, ಉತ್ತರ ದಿಕ್ಕನ್ನೇ ಮರೆತ ದಿಕ್ಸೂಚಿ. ಹೀಗಿರಲು, ಊರಲ್ಲಿ ಸಿಗುವುದರಿಂದಲೇ ಕಲಿಕೋಪಕರಣ ಮಾಡಿಕೊಳ್ಳಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ನಾನೂ ಒಂಬತ್ತನೆಯ ತರಗತಿಗೆ, ನಿಮ್ಮ ಗದ್ದೆಯಿಂದ ಜೀವವಿರುವುದೇನಾದರೂ ತನ್ನಿ ಎಂದು ಘನವಾಗಿ ಆಜ್ಞಾಪಿಸಿದೆ. ಎರೆಹುಳು ಬಂತು, ಏಡಿ ಬಂತು. ಸೋಮವಾರ ಅರ್ಪಿತ ಎಂಬ ಹುಡುಗಿ ಗೊಬ್ಬರದ ಚೀಲದಲ್ಲಿ ಎರಡು ಮರಿ ತಂದಳು. ಅವಳಪ್ಪ ಹೊನ್ನಯ್ಯ ಕಬ್ಬು ಕಡಿಸುವಾಗ ಸಿಕ್ಕವಂತೆ. ಮೈತುಂಬ ಚುಕ್ಕಿ, ಆಗತಾನೇ ಬಿಟ್ಟ ಕಣ್ಣು.

ಹೆಡ್‌ಮಾಸ್ಟರ್ ಸಿದ್ದರಾಮು ಅವರು ಕನ್ನಡಕ ಏರಿಸಿ, ಕಾಡುಬೆಕ್ಕು ಎಂದು ತೀರ್ಪು ಕೊಟ್ಟರು. ಬಿಸಿಯೂಟದ ಚಲುವಮ್ಮ ಸೌಟು ಹಿಡಿದೇ ಬಂದು ನೋಡಿದಳು. "ಬೆಕ್ಕಲ್ಲ ಕಣವ್ವ, ಚಿರ್ತೆ. ಎತ್ತ ತಾಯಿ ಬುಟ್ಬುಡ್ತಾಳಾ? ಅಟ್ಟಿ ಅಟ್ಟಿಗೂ ಉಡುಕ್ಕಂಡ್ ಬತ್ತಾಳೆ" ಅಂದಳು. ಹೆಡ್‌ಮಾಸ್ಟರು, "ಸುಮ್ಕಿರಮ್ಮಿ, ಸುಕ್ರವಾರ ಮದ್ದೂರಿನ ಪ್ರದರ್ಸನ ಮುಗೀಲಿ, ಆಮೇಲೆ ಬುಡುವ" ಅಂದರು. ನಾನು ಸೌಟಿನ ಕಡೆ ನಿಲ್ಲದೆ ಕನ್ನಡಕದ ಕಡೆ ನಿಂತೆ. ಬಹುಮಾನ ಕಣ್ಣಿಗೆ ಕಟ್ಟಿತ್ತು ಕಣೇ. ಮರಿಗಳು ಪ್ರಯೋಗಾಲಯದ ಪೆಟ್ಟಿಗೆ ಸೇರಿದವು, ಹಾಲು ಕುಡಿಸುವ ಕೆಲಸ ಅರ್ಪಿತಳದಾಯಿತು.

ಮಂಗಳವಾರದಿಂದ ಶಾಲೆಯ ಅಂಗಳಕ್ಕೆ ನಾಯಿಗಳು ಬರುತ್ತಿಲ್ಲ. ಊಟದ ಗಂಟೆ ಹೊಡೆದರೂ ಇಲ್ಲ. ಊರಿಗೆ ಶಿಸ್ತು ಬಂತೆಂದು ಹೆಮ್ಮೆಪಟ್ಟೆವು. ನಿನ್ನೆ ಸಂಜೆ ಹತ್ತನೆಯವರ ವಿಶೇಷ ತರಗತಿ ನಡೆದಿದ್ದಾಗ, ಹಿಂದಿನ ಕಬ್ಬಿನೊಳಗೆ ಯಾರೋ ಗರಗಸ ಎಳೆದಂಥ ಸದ್ದು. ಗಾಳಿ ಕಣ್ರೋ ಎಂದೆ. ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ.

ಇಂದು ಬೆಳಿಗ್ಗೆ ಪ್ರಯೋಗಾಲಯದ ಕಿಟಕಿಯ ಕೆಳಗೆ, ಕೆಸರಿನಲ್ಲಿ ಹೆಜ್ಜೆ. ಪ್ಲಾಸ್ಟರ್ ಸುರಿದು ಅಚ್ಚು ತೆಗೆದೆ; ಪೊಟ್ಟಣದಲ್ಲಿರುವುದು ಅದೇ. ನನ್ನ ಅಂಗೈ ಅದರ ಮೇಲೆ ಸರಿಯಾಗಿ ಕೂತಿತು. ಅಷ್ಟು ದೊಡ್ಡ ಬೆಕ್ಕನ್ನು ಹೆಡ್‌ಮಾಸ್ಟರೂ ನೋಡಿಲ್ಲವಂತೆ.

ಅರಣ್ಯದವರಿಗೆ ಫೋನಾಯಿತು. ಸಿಕ್ಕ ಜಾಗದಲ್ಲೇ ಸಂಜೆಯೊಳಗೆ ಎರಡನ್ನೂ ಇಟ್ಟರೆ ತಾಯಿ ಕಚ್ಚಿಕೊಂಡು ಹೋಗುತ್ತಾಳೆ, ಒಂದು ಕಡಿಮೆಯಾದರೂ ಸುತ್ತಮುತ್ತ ಬಿಟ್ಟು ಕದಲುವುದಿಲ್ಲ ಅಂದರು. ಹೊರಟಿದ್ದಾರೆ. ಅರ್ಪಿತ ಇಂದು ಶಾಲೆಗೆ ಬಂದಿಲ್ಲ, ಒಳ್ಳೆಯದಾಯಿತು. ಇದ್ದಿದ್ದರೆ ಅತ್ತು ರಂಪ ಮಾಡುತ್ತಿದ್ದಳು. ಬಹುಮಾನ ಹೋಯಿತು, ಪೀಡೆಯೂ ಕಳೆಯಿತು.

ಕನ್ನಡಕವನ್ನು ಇನ್ನು ನಂಬದ,
ನಿನ್ನ ಅರುಂಧತಿ

ತಾ.ಕ.: ಈಗಷ್ಟೇ ಮರಿಗಳ ಪೆಟ್ಟಿಗೆ ತೆರೆದೆವು. ಒಂದೇ ಇದೆ. ಇನ್ನೊಂದರ ಜಾಗದಲ್ಲಿ ಅರ್ಪಿತಳ ಸ್ವೆಟರನ್ನು ಸುತ್ತಿಟ್ಟಿದೆ. ನಿನ್ನೆ ಹಾಲು ಕುಡಿಸುತ್ತಾ, "ಚಿಕ್ಕುದ್ಕೆ ಚಳಿ ಆಯ್ತದೆ ಮಿಸ್, ನಮ್ಮಟ್ಟಿಗೆ ಎತ್ಕೊಂಡ್ ಓಗ್ಲಾ?" ಅಂದಿದ್ದಳು. ನಾನು ನಕ್ಕಿದ್ದೆ. ಅವರದು ಕಬ್ಬಿನ ನಡುವೆ ಒಂಟಿ ಮನೆ. ಪೊಟ್ಟಣವನ್ನು ಹೆಡ್‌ಮಾಸ್ಟರ್ ಬಸ್ಸಿಗೆ ಕೊಡುತ್ತಾರೆ. ಉಳಿದ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಚಲುವಮ್ಮ ನನ್ನ ಸ್ಕೂಟರ್ ಹತ್ತಿದ್ದಾಳೆ. ಹೊನ್ನಯ್ಯನ ಫೋನು ರಿಂಗಾಗುತ್ತಲೇ ಇದೆ. ಯಾರೂ ಎತ್ತುತ್ತಿಲ್ಲ.